ಚಿಕ್ಕ ಮಕ್ಕಳಿಗೆ ಫುಟ್‌ಬಾಲ್ ಮತ್ತು ಬೇರೆ ಆಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಮೈದಾನದ ಅಂಚಿನಲ್ಲಿ ನಿಂತು ಕೇಳಿದ್ದು, ವಾಟ್ಸಾಪ್‌ನಲ್ಲಿ ಬಂದದ್ದು, ಶಾಲೆಯ ಪೋಷಕರ ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ವಿಚಾರಿಸಿದ್ದು. ಇಲ್ಲಿರುವುದೆಲ್ಲ ಅಂಥ ಪ್ರಶ್ನೆಗಳೇ. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಉತ್ತರಗಳು 4ರಿಂದ 12 ವರ್ಷದ ಮಕ್ಕಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದವು. ನಾನು ಚಿಕ್ಕ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ, ಹಾಗಾಗಿ ಫುಟ್‌ಬಾಲಿನ ಮಾತು ಜಾಸ್ತಿ ಬರುತ್ತದೆ. ಆದರೆ ಹೆಚ್ಚಿನದು ಯಾವ ಆಟಕ್ಕಾದರೂ ಹೊಂದುತ್ತದೆ. ಈ ವಯಸ್ಸಿನಲ್ಲಿ ಮಗು ಇವತ್ತು ಎಷ್ಟು ಚೆನ್ನಾಗಿ ಆಡಿತು ಅನ್ನುವುದು ದೊಡ್ಡ ವಿಷಯವಲ್ಲ, ನಾಳೆಯೂ ಆಡಬೇಕು ಅಂತ ಅದಕ್ಕೆ ಅನ್ನಿಸಿತಾ ಅನ್ನುವುದೇ ದೊಡ್ಡದು ಅಂತ ನಾನು ನಂಬಿದ್ದೇನೆ. ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಬಂದವು.

## ಶುರು ಮಾಡುವ ಮೊದಲು

ನಮ್ಮ ಮಗನಿಗೆ ಇನ್ನೂ ನಾಲ್ಕು ವರ್ಷ. ಈಗಲೇ ಫುಟ್‌ಬಾಲ್‌ಗೆ ಕಳಿಸಬಹುದಾ?

ಕಳಿಸಬಹುದು. ಆದರೆ ಅದು ಫುಟ್‌ಬಾಲ್ ಕ್ಲಾಸ್ ಆಗಬಾರದು, ಚೆಂಡು ಇಟ್ಟುಕೊಂಡು ಆಡುವ ಆಟವಾಗಬೇಕು. ಓಡುವುದು, ಥಟ್ಟನೆ ನಿಲ್ಲುವುದು, ತಿರುಗುವುದು, ಚೆಂಡನ್ನು ಒದೆಯುವುದು, ಬಿದ್ದರೆ ಎದ್ದು ಮಣ್ಣು ಕೊಡವಿಕೊಳ್ಳುವುದು. ಇಷ್ಟೇ ಪಾಠ. ನಿಯಮ, ತಂಡ, ಯಾರು ಎಲ್ಲಿ ನಿಲ್ಲಬೇಕು ಅನ್ನುವುದೆಲ್ಲ ಈ ವಯಸ್ಸಿಗೆ ತಲೆಗೆ ಹೋಗುವುದಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಸಾಕು. ಮಧ್ಯೆ ಚಿಟ್ಟೆ ಕಂಡು ಅದರ ಹಿಂದೆ ಹೋದರೆ ಹೋಗಲಿ ಬಿಡಿ, ವಾಪಸ್ ಬರುತ್ತಾನೆ.

ಆರೇಳು ವರ್ಷಕ್ಕೆ ಸಣ್ಣ ಸಣ್ಣ ನಿಯಮ ಅರ್ಥವಾಗುತ್ತವೆ. ಒಂಬತ್ತು ಹತ್ತರ ಹೊತ್ತಿಗೆ ತಲೆ ಎತ್ತಿ ಜೊತೆಯವರನ್ನು ನೋಡಿ ಪಾಸ್ ಕೊಡುವುದು ಬರುತ್ತದೆ. ಹತ್ತಕ್ಕೆ ಶುರು ಮಾಡಿದ ಮಗುವೂ ತಡ ಮಾಡಿಲ್ಲ.

ದಿನಕ್ಕೆ ಎಷ್ಟು ಹೊತ್ತು ಆಡಿದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಅಂತ ಹೇಳುತ್ತದೆ. ಸುಮ್ನೆ ಅಡ್ಡಾಡುವುದಲ್ಲ, ಉಸಿರು ಏರುವಷ್ಟು ಆಡಬೇಕು. ಅದರಲ್ಲೂ ವಾರಕ್ಕೆ 3 ದಿನವಾದರೂ ಏದುಸಿರು ಬರುವಂಥ ಓಟ, ಮೂಳೆ ಮತ್ತು ಸ್ನಾಯುಗಳಿಗೆ ಕೆಲಸ ಕೊಡುವ ಜಿಗಿತ, ಹತ್ತುವುದು ಇರಬೇಕು. 3–4 ವರ್ಷದ ಮಕ್ಕಳಿಗೆ ಲೆಕ್ಕ ಬೇರೆ: ದಿನವಿಡೀ ಹಂಚಿಕೊಂಡು ಕನಿಷ್ಠ 180 ನಿಮಿಷ ಮೈ ಆಡುತ್ತಿರಬೇಕು, ಅದರಲ್ಲಿ 60 ನಿಮಿಷ ಚುರುಕಾಗಿ.

ಇಷ್ಟೂ ಹೊತ್ತು ಅಕಾಡೆಮಿಯಲ್ಲೇ ಕಳೆಯಬೇಕಿಲ್ಲ. ಶಾಲೆಗೆ ನಡೆದು ಹೋಗುವುದು, ಬಿಡುವಿನಲ್ಲಿ ಜೂಟಾಟ, ಸಂಜೆ ಬೀದಿಯಲ್ಲಿ ಸೈಕಲ್, ಎಲ್ಲವೂ ಸೇರಿ ಆ ಒಂದು ಗಂಟೆ.

"ಆರೋಗ್ಯಕ್ಕೆ ಒಳ್ಳೇದು" ಅಂತ ಎಲ್ಲರೂ ಹೇಳ್ತಾರೆ. ನಿಜವಾಗಿ ಏನು ಸಿಗುತ್ತೆ ಹೇಳಿ?

ಮೊದಲು ಮೂಳೆ. ಮನುಷ್ಯನ ಮೂಳೆಯ ಗಟ್ಟಿತನದ ಬಹುಪಾಲು ಇಪ್ಪತ್ತು ವರ್ಷದೊಳಗೆ ಕೂಡಿಬಿಡುತ್ತದೆ. ಓಡಿದಾಗ, ಜಿಗಿದಾಗ, ಥಟ್ಟನೆ ದಿಕ್ಕು ಬದಲಿಸಿದಾಗ ನೆಲದಿಂದ ಬರುವ ಪೆಟ್ಟಿಗೆ ಮೂಳೆ ಇನ್ನಷ್ಟು ಗಟ್ಟಿಯಾಗುತ್ತದೆ. ಈಜು, ಸೈಕಲ್ ತುಂಬಾ ಒಳ್ಳೆಯವು, ಆದರೆ ಮೂಳೆಯ ವಿಷಯದಲ್ಲಿ ಫುಟ್‌ಬಾಲ್, ಖೋ ಖೋ, ಸ್ಕಿಪ್ಪಿಂಗ್ ಒಂದು ಕೈ ಮುಂದೆ.

ಆಮೇಲೆ ಕಣ್ಣು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಯಲಿನ ಬೆಳಕಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಅಂದರೆ ಮೈನಸ್ ಪವರ್, ಶುರುವಾಗುವುದು ಕಮ್ಮಿ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಗಿನ ಚಟುವಟಿಕೆ ಹೆಚ್ಚಿಗೆ ಕೊಟ್ಟು 3 ವರ್ಷ ನೋಡಿದರು. ಹೊರಗೆ ಹೋದ ಶಾಲೆಗಳಲ್ಲಿ ಸುಮಾರು 30% ಮಕ್ಕಳಿಗೆ ಈ ತೊಂದರೆ ಬಂತು, ಉಳಿದ ಶಾಲೆಗಳಲ್ಲಿ ಸುಮಾರು 40% ಮಕ್ಕಳಿಗೆ. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ಫ್ಲಾಟಿನೊಳಗೆ ಮೊಬೈಲ್ ಹಿಡಿದು ಬೆಳೆಯುವ ನಮ್ಮ ಮಕ್ಕಳ ವಿಷಯದಲ್ಲಿ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಮೂರನೆಯದು ಮೈಯ ಹಿಡಿತ. ಚೆಂಡು ಒದೆಯುವ ಮಗುವನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಕಾಲ ಮೇಲೆ ಇಡೀ ಭಾರ ನಿಂತಿರುತ್ತದೆ, ಇನ್ನೊಂದು ಕಾಲು ಹಿಂದಕ್ಕೆ ಹೋಗಿರುತ್ತದೆ, ಎದುರು ಕೈ ತಾನಾಗಿ ಮುಂದೆ ಬರುತ್ತದೆ, ಕಣ್ಣು ಓಡುತ್ತಿರುವ ಚೆಂಡಿನ ಮೇಲೆ. ಶುರುವಿನಲ್ಲಿ ಹೆಚ್ಚಿನ ಮಕ್ಕಳು ಒದ್ದು ತಾವೇ ಕೂತುಬಿಡುತ್ತಾರೆ. ಕೆಲವು ವಾರ ಕಳೆದರೆ ಅದೇ ಮಗು ಒಂದು ಕಾಲಲ್ಲಿ ನಿಂತು ಸಾಕ್ಸ್ ಎಳೆದುಕೊಳ್ಳುತ್ತದೆ!

ಹೃದಯ, ಶ್ವಾಸಕೋಶ, ಹಸಿವು, ರಾತ್ರಿಯ ಗಾಢ ನಿದ್ದೆ, ಇವನ್ನು ನೀವೇ ಮನೆಯಲ್ಲಿ ನೋಡುತ್ತೀರಿ. ಇದಕ್ಕೆಲ್ಲ ಜೊತೆಗೆ ಸರದಿಗೆ ಕಾಯುವುದು, ಸಿಟ್ಟು ನುಂಗುವುದು, ಬೇರೆ ಮನೆಯ ಬೇರೆ ಭಾಷೆಯ ಮಗುವಿನ ಜೊತೆ ಸೇರಿ ಒಂದು ಕೆಲಸ ಮಾಡುವುದು ಬರುತ್ತದೆ. ಬಾಯಲ್ಲಿ ಹೇಳಿಕೊಟ್ಟು ಇದನ್ನು ಕಲಿಸಲು ಆಗುವುದಿಲ್ಲ.

ಆಟಕ್ಕೆ ಹೋದರೆ ಓದು ಹಾಳಾಗಲ್ವಾ? ಟ್ಯೂಷನ್ ಟೈಮೂ ಅದೇ.

ಹಾಳಾಗುವುದಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 7ರಿಂದ 9 ವರ್ಷದ 221 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 9 ತಿಂಗಳ ಕಾಲ ಶಾಲೆ ಬಿಟ್ಟ ಮೇಲೆ ಆಟ ಆಡಿಸಿದರು. ಆಡಿದ ಮಕ್ಕಳು ಗಮನ ಹಿಡಿದಿಡುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಪರೀಕ್ಷೆಗಳಲ್ಲಿ ಹೆಚ್ಚು ಸುಧಾರಿಸಿದರು. 2014ರಲ್ಲಿ ಅದರ ವರದಿ ಬಂತು.

ಆಡಿದ ಕೂಡಲೇ ಮಾರ್ಕ್ಸ್ ಏರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಎರಡನೇ ತರಗತಿ ಮಗುವಿಗೆ ದಿನಾ ಸಂಜೆ ಟ್ಯೂಷನ್ ಹಾಕಿ ಆಟ ಕಿತ್ತುಕೊಂಡರೆ ನಷ್ಟ ಓದಿಗೂ ಆಗುತ್ತದೆ. ಸಮಯ ಹೊಂದುತ್ತಿಲ್ಲ ಅಂದರೆ ಟ್ಯೂಷನ್ ಅರ್ಧ ಗಂಟೆ ಮುಂದಕ್ಕೆ ಹಾಕಿಸಿ, ಆಟ ಮೊದಲು ಆಗಲಿ. ಆಡಿ ಬಂದು ಕೈಕಾಲು ತೊಳೆದು ಕೂತ ಮಗು ಹೋಂವರ್ಕ್ ಬೇಗ ಮುಗಿಸುತ್ತದೆ. ಪರೀಕ್ಷೆ ವಾರದಲ್ಲೂ ಪೂರ್ತಿ ನಿಲ್ಲಿಸಬೇಡಿ.

ಫುಟ್‌ಬಾಲೇ ಯಾಕೆ? ಕ್ರಿಕೆಟ್ ಸಾಲದಾ?

ಕ್ರಿಕೆಟ್ ಚೆನ್ನಾಗಿದೆ, ಕೈ ಮತ್ತು ಕಣ್ಣಿನ ಹೊಂದಾಣಿಕೆಗೆ ಅದರಷ್ಟು ಒಳ್ಳೆಯ ಆಟ ಕಮ್ಮಿ. ಆದರೆ ಏಳು ವರ್ಷದ ಮಗುವಿಗೆ ಅದರಲ್ಲಿ ಕಾಯುವುದೇ ಜಾಸ್ತಿ. ಬ್ಯಾಟಿಂಗ್ ಸರದಿಗೆ ಕಾಯಬೇಕು, ಚೆಂಡು ತನ್ನ ಕಡೆ ಬರಲಿ ಅಂತ ಕಾಯಬೇಕು. ಫುಟ್‌ಬಾಲಲ್ಲಿ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಬೇಕಾಗುವುದೂ ಒಂದು ಚೆಂಡು, ನಾಲ್ಕು ಚಪ್ಪಲಿ. ಎರಡು ಆ ಕಡೆ, ಎರಡು ಈ ಕಡೆ ಇಟ್ಟರೆ ಗೋಲು ಸಿದ್ಧ. ಎರಡೂ ಆಡಲಿ, ಒಂದನ್ನೇ ಆರಿಸಬೇಕು ಅಂತ ಏನಿಲ್ಲ.

ಖೋ ಖೋ, ಲಗೋರಿ, ಕುಂಟೆಬಿಲ್ಲೆ ಇವೆಲ್ಲ ಲೆಕ್ಕಕ್ಕೆ ಬರುತ್ತಾ?

ಬರುತ್ತವೆ, ಸಲೀಸಾಗಿ. ಕುಂಟೆಬಿಲ್ಲೆ ಒಂಟಿ ಕಾಲಿನ ಸಮತೋಲ ಕಲಿಸುತ್ತದೆ. ಲಗೋರಿಯಲ್ಲಿ ಗುರಿ ಇದೆ, ಓಟ ಇದೆ, ಚೆಂಡಿನಿಂದ ತಪ್ಪಿಸಿಕೊಳ್ಳುವ ಚಾಲಾಕಿತನ ಇದೆ. ಖೋ ಖೋದಲ್ಲಿ ಕೂತಲ್ಲಿಂದ ಎದ್ದು ಒಂದೇ ಉಸಿರಿಗೆ ಓಡುವುದಿದೆಯಲ್ಲ, ಅದು ಯಾವ ಆಟಕ್ಕಾದರೂ ಕೆಲಸಕ್ಕೆ ಬರುವ ಕಸುಬು. ಎಷ್ಟೋ ಸಲ ಅಭ್ಯಾಸದ ಮೊದಲ ಹದಿನೈದು ನಿಮಿಷ ನಾನು ಜೂಟಾಟವನ್ನೇ ಆಡಿಸುತ್ತೇನೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಪುರುಷರು, ಮಹಿಳೆಯರು ಎರಡರಲ್ಲೂ ಭಾರತವೇ ಗೆದ್ದಿತು. ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯಲ್ಲಿ ಸಿಗುವ ಆಟ ಸಣ್ಣದು ಅಂತ ಯಾರಾದರೂ ಹೇಳಿದರೆ ಅವರ ಹೆಸರು ಹೇಳಿ.

ಏನೇನು ಕೊಳ್ಳಬೇಕು?

ಸರಿಯಾದ ಅಳತೆಯ ಚೆಂಡು. 8 ವರ್ಷದೊಳಗಿನವರಿಗೆ 3ನೇ ಸೈಜ್, 8ರಿಂದ 12ಕ್ಕೆ 4ನೇ ಸೈಜ್, ಅದರ ಮೇಲೆ 5. ಅಂಗಡಿಯಲ್ಲಿ ಎದುರಿಗೆ ಇಟ್ಟಿರುವುದು ಬಹಳ ಸಲ 5ನೇ ಸೈಜ್, ಅದು ದೊಡ್ಡವರದು. ಆರು ವರ್ಷದ ಮಗು ಅದನ್ನು ಒದ್ದರೆ ಚೆಂಡು ಹೋಗುವುದಿಲ್ಲ, ಕಾಲು ನೋಯುತ್ತದೆ, ಆಟ ಬೇಡ ಅನ್ನಿಸುತ್ತದೆ. ಚೆಂಡಿನ ಮೇಲೆ ಸೈಜ್ ಬರೆದಿರುತ್ತದೆ, ಕೇಳಿ ತಗೊಳ್ಳಿ.

ಮೊದಲ ಕೆಲವು ತಿಂಗಳು ಶಾಲೆಯ ಕ್ಯಾನ್ವಾಸ್ ಶೂ ಸಾಕು. ಟರ್ಫ್ ಅಂದರೆ ಕೃತಕ ಹುಲ್ಲಿನ ಮೇಲೆ ಆಡುವುದಾದರೆ ಸಣ್ಣ ಸಣ್ಣ ರಬ್ಬರ್ ಗುಬುಟು ಇರುವ ಟರ್ಫ್ ಶೂ. ಉದ್ದ ಸ್ಟಡ್ಸ್ ಬೇಡ, ಅದು ಟರ್ಫಿನಲ್ಲಿ ಕಚ್ಚಿಕೊಂಡು ಮಂಡಿ ತಿರುಚುತ್ತದೆ. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜ್ ದೊಡ್ಡ ಶೂ ತರಬೇಡಿ. ಎದುರಾಳಿಗಳ ಜೊತೆ ಆಡಲು ಶುರು ಮಾಡಿದಾಗ ಮೊಣಕಾಲ ಕೆಳಗಿನ ಮೂಳೆಗೆ ಏಟು ಬೀಳದ ಹಾಗೆ ಕಟ್ಟುವ ಶಿನ್ ಗಾರ್ಡ್. ಜೊತೆಗೆ ಹೆಸರು ಬರೆದ ನೀರಿನ ಬಾಟಲಿ.

ನಮ್ಮ ಏರಿಯಾದಲ್ಲಿ ಮೈದಾನವೇ ಇಲ್ಲ. ಪಾರ್ಕಲ್ಲಿ ಬಾಲ್ ಆಡಂಗಿಲ್ಲ ಅಂತ ಬೋರ್ಡ್ ಹಾಕಿದಾರೆ.

ಇದು ನನಗೂ ಬಹಳ ಸಂಕಟದ ವಿಷಯ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ನಡೆದಾಡುವವರಿಗೆ ದಾರಿ ಇದೆ, ಮಕ್ಕಳಿಗೆ ಜಾಗ ಇಲ್ಲ. ನಿವಾಸಿಗಳ ಸಂಘದಲ್ಲಿ ಮಾತಾಡಿ, ಸಂಜೆ 4ರಿಂದ 6 ಪಾರ್ಕಿನ ಒಂದು ಮೂಲೆಯನ್ನು ಮಕ್ಕಳಿಗೆ ಬಿಡಿಸಿಕೊಳ್ಳಿ. ಐದಾರು ಮನೆಯವರು ಒಟ್ಟಿಗೆ ಹೋಗಿ ಕೇಳಿದರೆ ಒಪ್ಪುತ್ತಾರೆ. ಶಾಲೆ ಮೈದಾನವನ್ನು ಭಾನುವಾರ ಬೆಳಿಗ್ಗೆ ಕೊಡುತ್ತಾರಾ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿ. ಗಂಟೆ ಲೆಕ್ಕದ ಟರ್ಫ್ ಬಾಡಿಗೆಯನ್ನು ಹತ್ತು ಮಕ್ಕಳು ಹಂಚಿಕೊಂಡರೆ ಹೊರೆಯಾಗುವುದಿಲ್ಲ. ಮಧ್ಯಾಹ್ನ ಮಾತ್ರ ಬೇಡ, ಬಿಸಿಲಲ್ಲಿ ಟರ್ಫ್ ಕಾದು ಸುಡುತ್ತದೆ.

ಏನೂ ಇಲ್ಲದಿದ್ದರೆ ಗೋಡೆ ಇದೆ. ಗೋಡೆಗೆ ಒದ್ದು ವಾಪಸ್ ಬಂದ ಚೆಂಡನ್ನು ಎರಡೂ ಕಾಲಲ್ಲಿ ತಡೆಯುವುದು ಒಳ್ಳೆಯ ಅಭ್ಯಾಸ.

## ಮೈದಾನಕ್ಕೆ ಇಳಿದ ಮೇಲೆ

ಮಕ್ಕಳೆಲ್ಲ ಬಾಲ್ ಹಿಂದೆ ಗುಂಪಾಗಿ ಓಡ್ತಾರೆ. ಕೋಚ್ ಏನೂ ಹೇಳ್ಕೊಡಲ್ವಾ?

ಆರೇಳು ವರ್ಷದ ಮಕ್ಕಳು ಚೆಂಡಿಗೆ ಜೇನುನೊಣದ ಹಾಗೆ ಮುತ್ತಿಕೊಳ್ಳುತ್ತಾರೆ. ಅದು ತಪ್ಪಲ್ಲ, ಆ ವಯಸ್ಸಿನ ಸಹಜ ಆಟ. ಆ ಗುಂಪಿನೊಳಗೇ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಹೊರಬರುವುದನ್ನು ಮಗು ಕಲಿಯುತ್ತದೆ. "ನೀನು ಡಿಫೆನ್ಸ್, ಇಲ್ಲೇ ನಿಂತಿರು" ಅಂತ ಆರು ವರ್ಷದವನನ್ನು ಹಿಂದೆ ನಿಲ್ಲಿಸಿದರೆ ಅವನು ಹುಲ್ಲು ಕೀಳುತ್ತಾ ಕೂರುತ್ತಾನೆ.

ಪರಿಹಾರ ತಂಡವನ್ನು ಚಿಕ್ಕದು ಮಾಡುವುದು. ಹನ್ನೊಂದು ಜನರ ತಂಡದಲ್ಲಿ ಚಿಕ್ಕ ಮಗುವಿಗೆ ಚೆಂಡು ಸಿಗುವುದೇ ಅಪರೂಪ. ಮೂರು ಮೂರು ಜನ ಆಡಿದರೆ ಅಡಗಿಕೊಳ್ಳಲು ಜಾಗವೇ ಇಲ್ಲ, ಎಲ್ಲರಿಗೂ ಚೆಂಡು ಸಿಗುತ್ತದೆ, ಎಲ್ಲರೂ ಗೋಲು ಹೊಡೆಯುತ್ತಾರೆ. ನಾಲ್ಕು ಸಲ ವಿಶ್ವಕಪ್ ಗೆದ್ದ ಜರ್ಮನಿ 2024–25ರ ಸೀಸನ್‌ನಿಂದ ದೇಶದಾದ್ಯಂತ ಇದನ್ನೇ ಕಡ್ಡಾಯ ಮಾಡಿದೆ: ಅತಿ ಚಿಕ್ಕವರಿಗೆ ಇಬ್ಬಿಬ್ಬರು ಅಥವಾ ಮೂವರು ಮೂವರು, ನಾಲ್ಕು ಪುಟಾಣಿ ಗೋಲುಗಳು. ನಿಮ್ಮ ಅಕಾಡೆಮಿಯಲ್ಲಿ ಏಳು ವರ್ಷದ ಮಕ್ಕಳನ್ನು ಪೂರ್ತಿ ಮೈದಾನದಲ್ಲಿ ಬಿಟ್ಟಿದ್ದರೆ ಯಾಕೆ ಅಂತ ಕೇಳಿ.

ಮಗಳಿಗೆ ತುಂಬಾ ನಾಚಿಕೆ. ಸೈಡಲ್ಲೇ ನಿಂತಿರ್ತಾಳೆ.

ನಿಲ್ಲಲಿ. ನೋಡುವುದೂ ಕಲಿಯುವುದೇ. "ಹೋಗು, ಎಲ್ಲರೂ ಆಡ್ತಿದಾರೆ ನೋಡು" ಅಂತ ಬೆನ್ನು ತಳ್ಳಬೇಡಿ. ಕೋಚ್ ಹತ್ತಿರ ಹೇಳಿ ಒಂದು ಸಣ್ಣ ಕೆಲಸ ಕೊಡಿಸಿ. ಕೋನ್ ಇಡುವುದು, ಹೊರಗೆ ಹೋದ ಚೆಂಡು ತಂದುಕೊಡುವುದು. ಚೆಂಡು ತಂದುಕೊಡುವ ಮಗು ಸ್ವಲ್ಪ ದಿನಕ್ಕೆ ಅದನ್ನು ಒದ್ದು ಕಳಿಸುತ್ತದೆ, ಆಮೇಲೆ ಅದರ ಹಿಂದೆ ತಾನೂ ಓಡುತ್ತದೆ. ಗೊತ್ತಿರುವ ಒಬ್ಬ ಗೆಳತಿ ಜೊತೆಗಿದ್ದರೆ ಇನ್ನೂ ಬೇಗ.

ಸೋತರೆ ಅಳ್ತಾನೆ, ಮನೆಗೆ ಬಂದ ಮೇಲೂ ಮುಖ ಊದಿಸ್ಕೊಂಡಿರ್ತಾನೆ.

ಅಳಲಿ ಬಿಡಿ. ಅವನಿಗೆ ಆಟ ಅಷ್ಟು ಮುಖ್ಯ ಅಂತ ಅರ್ಥ. "ಬರೀ ಆಟ ತಾನೆ" ಅಂತ ಸಮಾಧಾನ ಹೇಳಿದರೆ ಅವನ ದುಃಖ ಸಣ್ಣದು ಅಂದ ಹಾಗಾಗುತ್ತದೆ. ನೀರು ಕೊಡಿ, ಪಕ್ಕದಲ್ಲಿ ಕೂರಿ. ಮನೆಗೆ ಹೋಗುವ ದಾರಿಯಲ್ಲಿ ಸ್ಕೂಟರ್ ಮೇಲೆ ಪಂದ್ಯದ ವಿಮರ್ಶೆ ಮಾತ್ರ ಬೇಡ. ಅವನಾಗಿ ಮಾತೆತ್ತಿದರೆ "ಇವತ್ತು ಯಾವುದು ಖುಷಿ ಕೊಡ್ತು?" ಅಂತ ಕೇಳಿ. ಎದುರಾಳಿಗಳ ಕೈ ಕುಲುಕದೆ ಹೊರಟರೆ ಮಾತ್ರ ವಾಪಸ್ ಕಳಿಸಿ ಕುಲುಕಿಸಿ. ಅದರಲ್ಲಿ ಸಡಿಲ ಬಿಡಬೇಡಿ.

ಹುಡುಗೀರು ಹುಡುಗರ ಜೊತೆ ಆಡಬಹುದಾ? ಏಟು ಬೀಳಲ್ವಾ?

ಆಡಬಹುದು. ದೊಡ್ಡವರಾಗುವ ವಯಸ್ಸಿಗೆ ಮೊದಲು ಹುಡುಗ ಹುಡುಗಿಯರ ಶಕ್ತಿಯಲ್ಲಿ, ಓಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೇ ತಂಡದಲ್ಲಿ ಅಪ್ಪ, ಮಗಳು, ಸೊಸೆ ಸ್ಟಿಕ್ ಹಿಡಿದು ಇಳಿಯುತ್ತಾರೆ. ನಮ್ಮ ನೆಲದಲ್ಲಿ ಇದು ಹೊಸದೇನಲ್ಲ.

ಹೆಣ್ಣುಮಕ್ಕಳು ಹನ್ನೊಂದು ಹನ್ನೆರಡಕ್ಕೆ ಆಟ ಬಿಡಲು ಏಟಿಗಿಂತ ದೊಡ್ಡ ಕಾರಣಗಳು ಬೇರೆ ಇವೆ. ಮೈದಾನದಲ್ಲಿ ಶುಚಿಯಾದ ಶೌಚಾಲಯ ಇರುವುದಿಲ್ಲ. ಬಟ್ಟೆ ಬದಲಿಸಲು ಮರೆ ಇರುವುದಿಲ್ಲ. ಮುಟ್ಟಾದಾಗ ಯಾರಿಗೆ ಹೇಳಬೇಕು ಗೊತ್ತಿರುವುದಿಲ್ಲ. "ಕಪ್ಪಾಗ್ತೀಯ" ಅನ್ನುವ ನೆಂಟರ ಮಾತು ಬೇರೆ. ಮುಟ್ಟಿನ ದಿನಗಳಲ್ಲಿ ಹುಷಾರಾಗಿದ್ದರೆ ಆಡಬಹುದು, ಯಾವ ತೊಂದರೆಯೂ ಇಲ್ಲ. ಅಕಾಡೆಮಿಯಲ್ಲಿ ಶೌಚಾಲಯ ಕೇಳಿ ಪಡೆಯಿರಿ, ಒಬ್ಬ ಮಹಿಳಾ ಕೋಚ್ ಇರಲಿ ಅಂತ ಒತ್ತಾಯಿಸಿ. ಅಮ್ಮಂದಿರು ನಾಲ್ಕು ಜನ ಒಟ್ಟಿಗೆ ಕೇಳಿದಾಗ ಇವು ಆಗಿರುವುದನ್ನು ನೋಡಿದ್ದೇನೆ.

ಹೊರಗಿನಿಂದ ನಾವು ಕೂಗಿ ಹೇಳ್ಕೊಡಬಹುದಾ?

ಚಪ್ಪಾಳೆ ತಟ್ಟಿ, ಎರಡೂ ತಂಡಕ್ಕೆ ತಟ್ಟಿ. "ಹೊಡಿ, ಪಾಸ್ ಕೊಡು, ಹಿಂದೆ ಬಾ" ಅಂತ ಕೂಗಬೇಡಿ. ಕೋಚ್ ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು ಹೇಳುತ್ತಾರೆ, ಮಗು ಚೆಂಡು ಬಿಟ್ಟು ನಿಮ್ಮ ಮುಖ ನೋಡುತ್ತದೆ. ತಾನೇ ನೋಡಿ ತಾನೇ ನಿರ್ಧಾರ ಮಾಡುವುದನ್ನು ಕಲಿಯಲು ಅದು ಮೈದಾನಕ್ಕೆ ಬಂದಿದೆ.

ಒಳ್ಳೆ ಕೋಚ್ ಅಂತ ಹೇಗೆ ಗೊತ್ತಾಗುತ್ತೆ?

ಫೀಸ್ ಕಟ್ಟುವ ಮೊದಲು ಒಂದು ಸಂಜೆ ಪೂರ್ತಿ ಕೂತು ನೋಡಿ. ಮಕ್ಕಳು ಸಾಲಿನಲ್ಲಿ ನಿಂತು ಕಾಯುತ್ತಿರುವುದು ಜಾಸ್ತಿಯಾ, ಆಡುತ್ತಿರುವುದು ಜಾಸ್ತಿಯಾ? ಹತ್ತು ಮಕ್ಕಳಿಗೆ ಎಷ್ಟು ಚೆಂಡು ಇವೆ? ಕೋಚ್ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ? ಚೆನ್ನಾಗಿ ಆಡದ ಮಗುವಿನ ಹತ್ತಿರ ಹೋಗುತ್ತಾರಾ? ತಪ್ಪು ಮಾಡಿದವರನ್ನು ಶಿಕ್ಷೆ ಅಂತ ಸುತ್ತು ಓಡಿಸುತ್ತಿದ್ದರೆ ಅಲ್ಲಿ ಸೇರಿಸಬೇಡಿ. ಓಡುವುದೇ ಶಿಕ್ಷೆ ಅಂತಾದರೆ ಮಗು ಓಟವನ್ನು ಪ್ರೀತಿಸುವುದು ಹೇಗೆ?

ಸುರಕ್ಷತೆಯ ಮಾತು ನೇರವಾಗಿ ಹೇಳುತ್ತೇನೆ. ಪೋಷಕರು ನೋಡಬಾರದು ಅನ್ನುವ ಕಡೆ ಮಗುವನ್ನು ಬಿಡಬೇಡಿ. ಕೋಚ್ ಒಬ್ಬ ಮಗುವನ್ನು ಒಂಟಿಯಾಗಿ ಕರೆದುಕೊಂಡು ಹೋಗುವುದು, ಗುಟ್ಟಾಗಿ ಮೆಸೇಜ್ ಮಾಡುವುದು ಇರಬಾರದು. ಯಾರು ಎಲ್ಲಿ ಮುಟ್ಟಬಾರದು ಅಂತ ಮನೆಯಲ್ಲಿ ಮಗುವಿಗೆ ಹೇಳಿಕೊಡಿ. ಮಗು ಏನಾದರೂ ಹೇಳಿದರೆ ಮೊದಲು ನಂಬಿ. ಮಕ್ಕಳ ಸಹಾಯವಾಣಿ 1098 ಇದೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇದೆ.

## ಊಟ, ಗಾಯ, ನೋವು

ಆಟಕ್ಕೆ ಮೊದಲು ಏನು ತಿನ್ನಿಸಬೇಕು? ಪ್ರೋಟೀನ್ ಪೌಡರ್ ಬೇಕಾ?

ಪೌಡರ್ ಬೇಡ. ಎನರ್ಜಿ ಡ್ರಿಂಕ್ ಖಂಡಿತ ಬೇಡ. ಆಟಕ್ಕೆ ಒಂದು ಗಂಟೆ ಮೊದಲು ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ ಅಥವಾ ರಾಗಿ ಗಂಜಿ. ಆಡುವಾಗ ನೀರು, ಕೇಳಿದಾಗಲ್ಲ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ. ಬಂದ ಮೇಲೆ ಮಜ್ಜಿಗೆ, ಕಡಲೆಬೀಜದ ಚಿಕ್ಕಿ, ಮೊಟ್ಟೆ ಅಥವಾ ಹೆಸರುಕಾಳು ಉಸಲಿ. ರಾತ್ರಿ ಮಾಮೂಲಿ ಊಟ.

ಮಗು ಬೇಗ ಸುಸ್ತಾಗುತ್ತಿದ್ದರೆ "ಸೋಮಾರಿ" ಅನ್ನುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ 67% ಜನಕ್ಕೆ ರಕ್ತಹೀನತೆ ಇತ್ತು. ಸೊಪ್ಪು, ಕಾಳಿನ ಜೊತೆ ನಿಂಬೆರಸ ಹಿಂಡಿ ಕೊಡಿ, ಕಬ್ಬಿಣದ ಅಂಶ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಟೀ ಬೇಡ. ಶಾಲೆಯಲ್ಲಿ ಕೊಡುವ ಜಂತುಹುಳು ಮಾತ್ರೆ ತಪ್ಪಿಸಬೇಡಿ.

ಹೆಡ್ ಮಾಡಿದರೆ ತಲೆಗೆ ತೊಂದರೆ ಆಗಲ್ವಾ?

ಚಿಕ್ಕ ಮಕ್ಕಳು ಹೆಡ್ ಮಾಡುವುದು, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವುದು, ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗ್ ನಿಷೇಧಿಸಿದೆ. ಇಂಗ್ಲೆಂಡ್‌ನವರು 2020ರಲ್ಲಿ ಪ್ರೈಮರಿ ಮಕ್ಕಳ ಅಭ್ಯಾಸದಿಂದ ಅದನ್ನು ತೆಗೆದರು. ಮಗುವಿನ ಕತ್ತಿನ ಸ್ನಾಯು ಇನ್ನೂ ಎಳೆಯದು, ತಲೆ ಮೈಗೆ ಹೋಲಿಸಿದರೆ ದೊಡ್ಡದು. ನೆಲದ ಮೇಲಿನ ಆಟವೇ ಕಲಿಯಲು ಬೇಕಾದಷ್ಟಿದೆ.

ಡಿಕ್ಕಿ ಹೊಡೆದೋ ಬಿದ್ದೋ ತಲೆಗೆ ಪೆಟ್ಟಾದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ತಲೆನೋವು, ವಾಂತಿ, ತಲೆಸುತ್ತು, ಮಂಕಾಗಿ ನೋಡುವುದು, ಕೇಳಿದ್ದನ್ನೇ ಕೇಳುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಡಾಕ್ಟರ್ ಒಪ್ಪುವವರೆಗೆ ಮೈದಾನಕ್ಕೆ ಕಳಿಸಬೇಡಿ.

ಹಿಮ್ಮಡಿ ನೋವು ಅಂತಾನೆ. ಬೆಳೆಯೋ ನೋವಾ?

8ರಿಂದ 14 ವರ್ಷದ ಓಡುವ ಮಕ್ಕಳಲ್ಲಿ ಇದು ಮಾಮೂಲಿ. ಹಿಮ್ಮಡಿ ಮೂಳೆ ಬೆಳೆಯುವ ಜಾಗ ಇನ್ನೂ ಮೆತ್ತಗಿರುತ್ತದೆ, ಮೀನಖಂಡದ ಸ್ನಾಯು ಅದನ್ನು ಎಳೆಯುತ್ತಿರುತ್ತದೆ. ಸೀವರ್ಸ್ ಅಂತ ಡಾಕ್ಟರುಗಳು ಕರೆಯುತ್ತಾರೆ. ಕೆಲವು ದಿನ ಓಟ ಕಮ್ಮಿ ಮಾಡಿ, ಮೆತ್ತನೆ ಅಡಿಯ ಶೂ ಹಾಕಿಸಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿಸಿದರೆ ಇಳಿಯುತ್ತದೆ. ಕುಂಟುತ್ತಿದ್ದರೆ, ಊತ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತೋರಿಸಿ.

ಗಾಯ ಆಗದ ಹಾಗೆ ಮೊದಲೇ ಏನಾದರೂ ಮಾಡಬಹುದಾ?

ಮಾಡಬಹುದು, ವಾರ್ಮಪ್ ಸರಿಯಾಗಿ ಮಾಡಿಸುವುದು. 13 ವರ್ಷದೊಳಗಿನವರಿಗೆ ಅಂತಲೇ "ಇಲೆವೆನ್ ಪ್ಲಸ್ ಕಿಡ್ಸ್" ಅನ್ನುವ ಏಳು ವ್ಯಾಯಾಮಗಳ ಕ್ರಮ ಇದೆ. ಒಂಟಿ ಕಾಲಲ್ಲಿ ನಿಲ್ಲುವುದು, ಜಿಗಿದು ಮೆತ್ತಗೆ ಇಳಿಯುವುದು, ಉರುಳಿ ಬೀಳುವುದನ್ನು ಕಲಿಯುವುದು ಹೀಗೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಯುರೋಪಿನ ನಾಲ್ಕು ದೇಶಗಳಲ್ಲಿ ಇದನ್ನು ಪರೀಕ್ಷಿಸಿದಾಗ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ನಿಮ್ಮ ಶಾಲೆಯ ಪಿಟಿ ಮೇಷ್ಟ್ರಿಗೆ ಇದನ್ನು ತೋರಿಸಿ.

ಮಗುವಿಗೆ ವೀಸಿಂಗ್ ಇದೆ. ಆಡಿಸಲೇಬಾರದಾ?

ಆಡಿಸಬಹುದು. ಹತೋಟಿಯಲ್ಲಿರುವ ಅಸ್ತಮಾ ಆಟಕ್ಕೆ ಅಡ್ಡಿಯಲ್ಲ. ಆಟಕ್ಕೆ ಮೊದಲು ಇನ್‌ಹೇಲರ್ ಬೇಕಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಇನ್‌ಹೇಲರ್ ಬ್ಯಾಗಿನಲ್ಲೇ ಇರಲಿ, ಕೋಚ್‌ಗೆ ಎಲ್ಲಿದೆ ಅಂತ ಗೊತ್ತಿರಲಿ. ನಿಧಾನವಾಗಿ ವಾರ್ಮಪ್ ಮಾಡಿಸಿ. ಧೂಳು ಏಳುವ ಮೈದಾನವಾದರೆ ನೀರು ಚಿಮುಕಿಸಿದ ಮೇಲೆ ಆಡಲಿ.

ನಮ್ಮ ಮಗುವಿಗೆ ಬುದ್ಧಿ ಬೆಳವಣಿಗೆ ನಿಧಾನ. ಎಲ್ಲೂ ಸೇರಿಸ್ಕೊಳ್ಳಲ್ಲ.

ಸೇರಿಸಿಕೊಳ್ಳಬೇಕು. ಇಂಥ ಮಕ್ಕಳಿಗಾಗಿಯೇ ಇರುವ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ 2ರಿಂದ 7 ವರ್ಷದವರಿಗೆ ಆಟದ ಕಾರ್ಯಕ್ರಮ ಇದೆ, 8 ವರ್ಷದ ಮೇಲೆ ಸ್ಪರ್ಧೆಗಳಿವೆ. ಇಂಥ ಮಕ್ಕಳೂ ಉಳಿದ ಮಕ್ಕಳೂ ಒಂದೇ ತಂಡದಲ್ಲಿ ಆಡುವ "ಯೂನಿಫೈಡ್" ಪಂದ್ಯಗಳೂ ಇವೆ, ಫುಟ್‌ಬಾಲ್ ಅದರಲ್ಲಿ ಸೇರಿದೆ. ನಮ್ಮ ದೇಶದಲ್ಲಿ ಇದನ್ನು ನಡೆಸುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. ಹತ್ತಿರದ ಅಕಾಡೆಮಿಯಲ್ಲೂ ಕೇಳಿ: ದೊಡ್ಡ ಚೆಂಡು, ಚಿಕ್ಕ ಗುಂಪು, ದಿನಾ ಒಂದೇ ಕ್ರಮ, ಕಿವಿಗಡಚಿಕ್ಕುವ ಸೀಟಿಯ ಬದಲು ಕೈ ಸನ್ನೆ. ಇಷ್ಟು ಬದಲಿಸಿದರೆ ಬಹಳಷ್ಟು ಮಕ್ಕಳು ಆಡುತ್ತಾರೆ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಒಂದೇ ಆಟದಲ್ಲಿ ಬೇಗ ಪಳಗಿಸಿದರೆ ಮುಂದೆ ಬರ್ತಾನೆ ಅಲ್ವಾ?

ಜಿಮ್ನಾಸ್ಟಿಕ್ಸ್‌ನಂಥ ಕೆಲವನ್ನು ಬಿಟ್ಟರೆ, ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 15–16ರವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಅನ್ನುತ್ತದೆ. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಬೇಕು. ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ ಆ ಒಂದು ಆಟದಿಂದ ದೂರ ಇರಬೇಕು. ಇನ್ನೊಂದು ಸುಲಭದ ಅಳತೆ: ವಾರದ ಕೋಚಿಂಗ್ ಗಂಟೆಗಳು ಮಗುವಿನ ವಯಸ್ಸನ್ನು ದಾಟಬಾರದು. ಎಂಟು ವರ್ಷದವನಿಗೆ ವಾರಕ್ಕೆ ಎಂಟು ಗಂಟೆಗಿಂತ ಜಾಸ್ತಿ ಬೇಡ. ಒಂದೇ ಚಲನೆ ಮತ್ತೆ ಮತ್ತೆ ಮಾಡಿದರೆ ಅದೇ ಕೀಲು, ಅದೇ ಸ್ನಾಯು ಸವೆಯುತ್ತದೆ. ಮನಸ್ಸೂ ಬೇಸರಗೊಳ್ಳುತ್ತದೆ. ಬೇಸಿಗೆಯಲ್ಲಿ ಈಜಿಗೆ ಕಳಿಸಿ, ಊರಿಗೆ ಹೋದಾಗ ಮರ ಹತ್ತಲಿ.

ಇಷ್ಟು ಚಿಕ್ಕವರಿಗೆ ಟೂರ್ನಮೆಂಟ್, ಕಪ್ ಎಲ್ಲ ಬೇಕಾ?

ಪಂದ್ಯ ಬೇಕು, ಪಟ್ಟಿ ಬೇಡ. ನಾರ್ವೆಯಲ್ಲಿ ಇದಕ್ಕೆ ನಿಯಮವೇ ಇದೆ. ಅಲ್ಲಿ ಮಕ್ಕಳಿಗೆ 11 ವರ್ಷವಾಗುವವರೆಗೆ ಯಾರು ಎಷ್ಟನೇ ಸ್ಥಾನ ಅಂತ ಪಟ್ಟಿ ಮಾಡುವುದಿಲ್ಲ, 13ರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಮಕ್ಕಳು ತಾವೇ ಸ್ಕೋರ್ ಇಟ್ಟುಕೊಳ್ಳುತ್ತಾರೆ, ಇಟ್ಟುಕೊಳ್ಳಲಿ. ಕಪ್ಪಿನ ಆಸೆಗೆ ಇಬ್ಬರು ಮಕ್ಕಳನ್ನು ಇಡೀ ದಿನ ಬೆಂಚ್ ಮೇಲೆ ಕೂರಿಸುವ ಟೂರ್ನಮೆಂಟ್ ನನಗೆ ಸಹಿಸಲು ಆಗುವುದಿಲ್ಲ. ಎಲ್ಲರಿಗೂ ಸಮ ಹೊತ್ತು ಆಟ ಕೊಡುವ ಕಡೆ ಮಾತ್ರ ಕಳಿಸಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಶುರುಮಾಡಿದ ಗೋಲ್ಡನ್ ಬೇಬಿ ಲೀಗ್ ಕೂಡ ಚಿಕ್ಕ ಮಕ್ಕಳಿಗೆ ಚಿಕ್ಕ ತಂಡ, ಹೆಚ್ಚು ಪಂದ್ಯ ಅನ್ನುವ ಯೋಚನೆಯದ್ದೇ ಆಗಿತ್ತು.

ಮಗ ಡಿಸೆಂಬರಲ್ಲಿ ಹುಟ್ಟಿದ್ದು. ಸೆಲೆಕ್ಷನ್‌ನಲ್ಲಿ ಯಾವಾಗಲೂ ಬಿಟ್ಟುಬಿಡ್ತಾರೆ.

ನಿಮ್ಮ ಅನುಮಾನ ಸರಿ. ವಯಸ್ಸಿನ ಗುಂಪನ್ನು ಜನವರಿ 1ರಿಂದ ಎಣಿಸಿದಾಗ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಲ್ಲಿ ಹುಟ್ಟಿದವನೂ ಒಂದೇ ಗುಂಪು. ಒಂಬತ್ತು ವರ್ಷಕ್ಕೆ ಹನ್ನೊಂದು ತಿಂಗಳ ವ್ಯತ್ಯಾಸ ಅಂದರೆ ಎತ್ತರದಲ್ಲಿ, ಓಟದಲ್ಲಿ ಎದ್ದು ಕಾಣುತ್ತದೆ. ಆರಿಸುವವರು ದೊಡ್ಡವನನ್ನು ಪ್ರತಿಭೆ ಅಂದುಕೊಳ್ಳುತ್ತಾರೆ, ಅವನಿಗೆ ಒಳ್ಳೆಯ ಕೋಚಿಂಗ್ ಸಿಗುತ್ತದೆ, ಅಂತರ ಇನ್ನೂ ಬೆಳೆಯುತ್ತದೆ. ಪ್ರಪಂಚದ ಎಷ್ಟೋ ದೇಶಗಳ ಯುವ ತಂಡಗಳಲ್ಲಿ ಇದನ್ನು ಕಂಡಿದ್ದಾರೆ. ಮಗನಿಗೆ ಇದನ್ನು ಬಿಡಿಸಿ ಹೇಳಿ, ಅವನಲ್ಲಿ ಕೊರತೆ ಇಲ್ಲ ಅಂತ ತಿಳಿಯಲಿ. ಆಡುತ್ತಲೇ ಇದ್ದರೆ ಹದಿನಾರು ಹದಿನೇಳಕ್ಕೆ ಮೈ ಸಮವಾಗುತ್ತದೆ.

ಇದಕ್ಕೆ ಹೆದರಿ ವಯಸ್ಸು ಕಮ್ಮಿ ಬರೆಸುವವರಿದ್ದಾರೆ. ದಯವಿಟ್ಟು ಬೇಡ. ಮಣಿಕಟ್ಟಿನ ಮೂಳೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಶಿಕ್ಷೆ ಮಗುವಿಗೆ. ಅದಕ್ಕಿಂತ ಮುಖ್ಯವಾಗಿ, ಇನ್ನೊಂದು ಮಗುವಿನ ಜಾಗ ಕದ್ದ ಹಾಗೆ.

ಇದ್ದಕ್ಕಿದ್ದಂಗೆ ಆಟ ಬೇಡ ಅಂತಾಳೆ. ಬಿಡಿಸಬೇಕಾ?

ಮೊದಲು ಯಾಕೆ ಅಂತ ತಿಳಿಯಿರಿ. ಯಾರಾದರೂ ರೇಗಿಸಿದರಾ, ಕೋಚ್ ಬೈದರಾ, ನೋವಿದೆಯಾ, ಗೆಳತಿ ಬಿಟ್ಟಳಾ? ಇದರಲ್ಲಿ ಯಾವುದೂ ಅಲ್ಲ, ಸುಮ್ನೆ ಬೇಜಾರು ಅಂದರೆ ಒಂದೆರಡು ವಾರ ರಜೆ ಕೊಡಿ. ಆಮೇಲೂ ಬೇಡ ಅಂದರೆ ಬೇರೆ ಆಟ ತೋರಿಸಿ. ಫುಟ್‌ಬಾಲ್ ಬಿಟ್ಟು ಬ್ಯಾಡ್ಮಿಂಟನ್ ಹಿಡಿದ ಮಗು ಆಟ ಬಿಟ್ಟಿಲ್ಲ. ಕಟ್ಟಿದ ಫೀಸಿನ ಮಾತು ಮಗುವಿನ ಮುಂದೆ ಎತ್ತಬೇಡಿ.

ನಮ್ಮ ರಾಜ್ಯದಲ್ಲಿ ಫುಟ್‌ಬಾಲ್ ಆಡಿ ಏನಾಗಬಹುದು? ಇದು ಬಂಗಾಳ, ಕೇರಳದವರ ಆಟ ಅಲ್ವಾ?

ನಮ್ಮದೂ ಹೌದು. ಸ್ವತಂತ್ರ ಭಾರತ ಮೊದಲ ಸಲ ಒಲಿಂಪಿಕ್ಸ್ ಫುಟ್‌ಬಾಲ್ ಆಡಿದ್ದು 1948ರಲ್ಲಿ, ಲಂಡನ್‌ನಲ್ಲಿ, ಫ್ರಾನ್ಸ್ ವಿರುದ್ಧ. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. 2–1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ದೇಶದ ಮೊದಲ ಗೋಲು ಅದು. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಮಕ್ಕಳು ಆಡುವ ಬೀದಿಗಳಿವೆ, ಬ್ರೆಜಿಲ್ ಆಟಗಾರ ಪೆಲೆಯ ಪ್ರತಿಮೆ ಇದೆ. ಮೈಸೂರು ರಾಜ್ಯವಾಗಿದ್ದಾಗ ನಾಲ್ಕು ಸಲ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿದ್ದೆವು. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಗೆದ್ದೆವು. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿ 2016ರಲ್ಲಿ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಫೈನಲ್ ತಲುಪಿತು. ಕಂಠೀರವ ಕ್ರೀಡಾಂಗಣದಲ್ಲಿ ಅವರ ಪಂದ್ಯ ಇದ್ದಾಗ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಆಡುವ ನೂರಾರು ಮಕ್ಕಳಲ್ಲಿ ಆಟವನ್ನೇ ಕಸುಬು ಮಾಡಿಕೊಳ್ಳುವವರು ಒಬ್ಬಿಬ್ಬರು. ಉಳಿದವರು ಡ್ರೈವರ್, ಟೀಚರ್, ಎಂಜಿನಿಯರ್ ಆಗುತ್ತಾರೆ, ಭಾನುವಾರ ಬೆಳಿಗ್ಗೆ ಆಡುತ್ತಾರೆ. ಅದೂ ಒಳ್ಳೆಯ ಬದುಕೇ. ಮಗುವಿಗೆ ನಿಜವಾದ ಹಸಿವಿದೆ ಅನ್ನಿಸಿದರೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ, ಕ್ರೀಡಾ ನಿಲಯಗಳಿಗೆ ಆಯ್ಕೆ ನಡೆಯುತ್ತದೆ. ನಿಮ್ಮ ಜಿಲ್ಲೆಯ ಇಲಾಖೆ ಕಚೇರಿಯಲ್ಲಿ ಆಯ್ಕೆಯ ದಿನ, ವಯಸ್ಸಿನ ಮಿತಿ ವಿಚಾರಿಸಿ. ಮಗುವಿನ ಜನ್ಮ ದಾಖಲೆ, ಶಾಲೆಯ ಪತ್ರ ಮೊದಲೇ ತೆಗೆದಿಟ್ಟುಕೊಳ್ಳಿ.